ಒಂದು ಟಾಂಗಾ, ಏಳು ಜನ

ಮೈಸೂರು ಮಾವ: ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬದ ಮರುದಿನಕ್ಕೆ, ಮೈಸೂರಿನ ಹಳೆಯ ಪೇಟೆ ಸುತ್ತಲು ಒಂದು ಟಾಂಗಾ ಸವಾರಿಯನ್ನು ಗೊತ್ತುಮಾಡಿದ್ದೇನೆ. ಗಾಡಿ ನಮ್ಮ ಮನೆಯವರಿಗೆ ಮಾತ್ರ. ಟೌನ್ ಹಾಲ್‌ನಿಂದ ಹೊರಟು ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಕೆ.ಆರ್. ವೃತ್ತದ ಮೇಲೆ ಜಗನ್ಮೋಹನ ಅರಮನೆಯವರೆಗೆ ಹೋಗಬಹುದು. ನಮ್ಮವರ ಸ್ನಾನ, ತಿಂಡಿ ಮುಗಿಯುವ ಹೊತ್ತು ಗೊತ್ತೇ ಇರುವುದರಿಂದ ಹನ್ನೆರಡೂವರೆಗೆ ಬರಲು ಹೇಳಿದ್ದೇನೆ. ಒತ್ತಿಕೊಂಡರೆ ಏಳು ಜನ ಕೂರಬಹುದು.

ನಾನು: ಮಾವ, ಪಶುವೈದ್ಯಳಾಗಿ ನನಗೆ ಎರಡು ತಕರಾರುಗಳಿವೆ. ಭಾರ ಎಳೆಯುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳ ಪ್ರಕಾರ, ಗಾಡಿ ಹೊಡೆಯುವವರನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಯನ್ನು ಹೂಡುವಂತಿಲ್ಲ.

ಮೈಸೂರು ಮಾವ: ಪುಟ್ಟಿ, ಮೈಸೂರಿನಲ್ಲಿ 37 ದಾಟುವುದೇ ಅಪರೂಪ.

ನಾನು: ಅದು ನೆರಳಿನಲ್ಲಿ ಅಳೆದ ಲೆಕ್ಕ, ಮಾವ. ಕುದುರೆಯ ಗೊರಸು ಇರುವುದು ಬಿಸಿಲಿಗೆ ಕಾದ ಡಾಂಬರಿನ ಮೇಲೆ.

ಮುಂಬೈ ಅಣ್ಣ: ನನ್ನ ಕೇಳಿದರೆ ಸವಾರಿಯೇ ಬೇಡ. ಇಲ್ಲಿ ಮೋಜಿಗಾಗಿ ಓಡಿಸುತ್ತಿದ್ದ ವಿಕ್ಟೋರಿಯಾ ಎಂಬ ಕುದುರೆಗಾಡಿಗಳು ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟ್ 2015ರ ಜೂನ್‌ನಲ್ಲಿ ತೀರ್ಪಿತ್ತು, ಅವನ್ನು ನಿಲ್ಲಿಸಲು ಒಂದು ವರ್ಷದ ಗಡುವು ಕೊಟ್ಟಿತು. 2021ರಲ್ಲಿ ಅದೇ ಆಕಾರದ ಬ್ಯಾಟರಿ ಗಾಡಿಗಳು ಬಂದವು. ಪೇಟೆ ನೋಡಲು ಕುದುರೆಯೇ ಏಕೆ ಬೇಕು?

ಮೈಸೂರು ಮಾವ: ಗಾಡಿ ನಿಂತ ಮಾತ್ರಕ್ಕೆ ಕುದುರೆಗೆ ಪಿಂಚಣಿ ಬರುವುದಿಲ್ಲ, ಮಾರಾಯ. ಅದರ ಹುರುಳಿ, ಹುಲ್ಲು, ಲಾಳದ ಖರ್ಚೆಲ್ಲ ಆ ದಿನದ ಬಾಡಿಗೆಯಿಂದಲೇ ಹುಟ್ಟಬೇಕು. ರೈಲು ನಿಲ್ದಾಣದಿಂದ ಟ್ರಂಕು, ಹಾಸಿಗೆ ಸಮೇತ ನಮ್ಮನ್ನು ಮನೆಗೆ ತರುತ್ತಿದ್ದ ಟಾಂಗಾದವರ ಕಸುಬನ್ನು ಆಟೋ ಕಸಿದುಕೊಂಡ ಮೇಲೆ ಉಳಿದದ್ದು ಪ್ರವಾಸಿಗರು ಮಾತ್ರ. ದಸರಾದಲ್ಲಿ ದಂಪತಿಗಳನ್ನು ಸೀರೆ, ಪಂಚೆ, ಪೇಟದಲ್ಲಿ ಕೂರಿಸಿ ಸರ್ಕಾರವೇ ಪಾರಂಪರಿಕ ಟಾಂಗಾ ಸವಾರಿ ನಡೆಸಿದೆಯಲ್ಲ! ಇಷ್ಟಕ್ಕೂ ಟಾಂಗಾದ ನಡಿಗೆಯಲ್ಲಿ ತಲೆಯೆತ್ತಿ ನೋಡಲು ಪುರುಸೊತ್ತು ಸಿಗುತ್ತದೆ. 2012ರಲ್ಲಿ ಒಂದು ಭಾಗ ಕುಸಿದ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಆಟೋದಲ್ಲಿ ಹೋದವರಿಗೆ ಕಾಣುವುದು ಚಾಲಕನ ಬೆನ್ನು ಮಾತ್ರ.

ಅಟ್ಲಾಂಟಾ ಚಿಕ್ಕಮ್ಮ: ಅಣ್ಣ, ನಾವು ಅಮೆರಿಕದ ಚಾರ್ಲ್ಸ್‌ಟನ್ ನಗರದ ಹಳೆಯ ಬೀದಿಗಳಲ್ಲಿ ಹೀಗೆಯೇ ಹೋಗಿದ್ದೆವು. ಅಲ್ಲಿ ಯಾವ ಗಾಡಿ ಯಾವ ಬೀದಿಗೆ ಹೋಗಬೇಕೆಂಬುದು ಚೀಟಿ ಎತ್ತಿದ ಹಾಗೆ ಆಗಿಂದಾಗ್ಗೆ ನಿರ್ಧಾರವಾಗುತ್ತದೆ, ಹಾಗಾಗಿ ಒಂದೇ ಬೀದಿಯಲ್ಲಿ ಗಾಡಿಗಳು ಸಾಲುಗಟ್ಟುವುದಿಲ್ಲ. ಉಷ್ಣತೆ ನಮ್ಮೂರಿನ ಸೆಲ್ಸಿಯಸ್ ಲೆಕ್ಕದಲ್ಲಿ 35 ಡಿಗ್ರಿ ಮುಟ್ಟಿದರೆ ಗಾಡಿಗಳನ್ನು ನಿಲ್ಲಿಸುತ್ತಾರೆ. ಪ್ರಾಣಿಗೆ ಲದ್ದಿಯ ಚೀಲವನ್ನೂ ಕಟ್ಟಿರುತ್ತಾರೆ, ಅದನ್ನು ನೋಡಿ ನಮ್ಮ ಮಕ್ಕಳು ದಾರಿಯುದ್ದಕ್ಕೂ ನಕ್ಕರು.

ಮುಂಬೈ ಅಣ್ಣ: ಅಷ್ಟು ಕಟ್ಟುನಿಟ್ಟು ಇಲ್ಲಿ ಯಾರು ಮಾಡುತ್ತಾರೆ ಚಿಕ್ಕಮ್ಮ?

ನಾನು: ಅಣ್ಣಾ, ನಾವೇ ಮಾಡಬಹುದು, ಏಕೆಂದರೆ ಗಾಡಿ ಹಿಡಿಯುವವರು ನಾವು. ನಿನ್ನ ಹಾಗೆ ಸವಾರಿಯೇ ಬೇಡವೆಂದು ನಾನು ಹೇಳುವುದಿಲ್ಲ, ಚೆನ್ನಾಗಿ ಸಾಕಿದ ಕುದುರೆ ತಂಪು ಹೊತ್ತಿನಲ್ಲಿ ಮಟ್ಟಸ ರಸ್ತೆಯ ಮೇಲೆ ನಾಲ್ವರನ್ನು ಎಳೆಯುವುದರಲ್ಲಿ ತಪ್ಪಿಲ್ಲ. ಆದರೆ ಏಳು ಜನರನ್ನು ತುಂಬಿ, ನೆತ್ತಿಯ ಬಿಸಿಲಿನಲ್ಲಿ ಹೊರಟು, ಅದನ್ನು ಪರಂಪರೆ ಎಂದು ಕರೆದರೆ ನಾನು ಒಪ್ಪುವುದಿಲ್ಲ.

ಮೈಸೂರು ಮಾವ: ಹಾಗಾದರೆ ಎರಡು ಗಾಡಿ ಹೇಳಬೇಕು. ಬಾಡಿಗೆಯೂ ಎರಡಾಗುತ್ತದೆ.

ಅಟ್ಲಾಂಟಾ ಚಿಕ್ಕಮ್ಮ: ಎರಡನೆಯದನ್ನು ನಾನು ಕೊಡುತ್ತೇನೆ. ಅಮ್ಮನಿಗೆ ಮಂಡಿನೋವು, ಮಾರುಕಟ್ಟೆಯವರೆಗೆ ನಡೆಸಲಾಗುವುದಿಲ್ಲ.

ನಾನು: ಬೆಳಿಗ್ಗೆ ಏಳಕ್ಕೆ ಹೊರಡೋಣ. ಸರಂಜಾಮು ಕೂರುವ ಕಡೆ ಹೆಗಲಿನಲ್ಲಿ ಗಾಯವಿದೆಯೇ, ನಡಿಗೆಯಲ್ಲಿ ಕುಂಟಿದೆಯೇ, ಲಾಳ ಸವೆದಿದೆಯೇ ಎಂದು ಮೊದಲು ನಾನು ನೋಡುತ್ತೇನೆ. ಸರಿಯಿಲ್ಲದಿದ್ದರೆ ಒಪ್ಪಿದ ಬಾಡಿಗೆಯನ್ನು ಪೂರ್ತಿ ಕೊಟ್ಟು ಅಜ್ಜಿಯನ್ನು ಆಟೋದಲ್ಲಿ ಕೂರಿಸೋಣ.

ಮೈಸೂರು ಮಾವ: ಟಾಂಗಾ ಹೊಡೆಯುವ ಸಾಹೇಬರ ಎದುರಿನಲ್ಲೇ ಕುದುರೆಯ ಕಾಲು ಎತ್ತಿ ನೋಡಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲವೇ?

ನಾನು: ಒಳ್ಳೆಯ ಕುದುರೆ ಇಟ್ಟವರು ತಾವೇ ಎತ್ತಿ ತೋರಿಸುತ್ತಾರೆ, ಮಾವ.

ಮುಂಬೈ ಅಣ್ಣ: ನಾನು ಗಾಡಿಯ ಪಕ್ಕದಲ್ಲಿ ನಡೆದುಕೊಂಡು ಬರುತ್ತೇನೆ.

ಮೈಸೂರು ಮಾವ: ಬಾ. ಆದರೆ ಏಳಕ್ಕೆ ನೀನು ಎದ್ದಿದ್ದನ್ನು ನಾನಂತೂ ಇದುವರೆಗೆ ಕಂಡಿಲ್ಲ. ಸಾಹೇಬರಿಗೆ ಈಗಲೇ ಫೋನ್ ಮಾಡಿ ಎರಡು ಗಾಡಿ ಎಂದು ಹೇಳುತ್ತೇನೆ.