ಕುತ್ತಿಗೆಯ ಗಂಟಿಗೆ ಸೂಜಿ: ಹಾಕಿಸಿಕೊಂಡವರು ಹೇಳಿ

ಪ್ರಶ್ನೆ, ತುಮಕೂರಿನಿಂದ: ಎಡ ಹೆಗಲ ಮೇಲೆ ಎಂಟು ತಿಂಗಳಿಂದ ಗಂಟು. ಅಮುಕಿದರೆ ಕಿವಿಯ ಹಿಂದಕ್ಕೆ ನೋವು ಹೊಡೆಯುತ್ತದೆ. ವೈದ್ಯರು ಟ್ರಿಗರ್ ಪಾಯಿಂಟ್ ಇಂಜೆಕ್ಷನ್, ಅಂದರೆ ಸ್ನಾಯುವಿನ ಗಂಟಿಗೇ ಸೂಜಿ ಚುಚ್ಚಿ ಔಷಧ ಬಿಡುವುದು, ಎನ್ನುತ್ತಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. ಹಾಕಿಸಿಕೊಳ್ಳಲೇ?

ಟೈಲರ್, ದಾವಣಗೆರೆ: ನಾನು ಮೂರು ಸಲ ಹಾಕಿಸಿಕೊಂಡೆ. ಸಲಕ್ಕೆ 1,800 ರೂಪಾಯಿ, ವೈದ್ಯರ ಶುಲ್ಕ 600, ಬಸ್ಸಿಗೆ 140, ಆ ದಿನದ ದುಡಿಮೆಯೂ ಹೋಯಿತು. ಅದಕ್ಕೂ ಮೊದಲು ಎಂಆರ್‌ಐಗೆ 6,500 ಸುರಿದಿದ್ದೆ. ಸ್ನಾಯುವಿನ ಗಂಟು ಅದರಲ್ಲಿ ಕಾಣುವುದಿಲ್ಲವೆಂದು ಆಮೇಲೆ ಹೇಳಿದರು! ಕತ್ತಿನಿಂದ ಹೆಗಲಿಗೆ ಹರಡಿದ ಟ್ರಪೀಜಿಯಸ್ ಸ್ನಾಯುವನ್ನು ಬೆರಳುಗಳಲ್ಲಿ ಹಿಡಿದೆತ್ತಿ ಚುಚ್ಚಿದಾಗ ಗಾಳಕ್ಕೆ ಸಿಕ್ಕ ಮೀನಿನಂತೆ ಮಿಡುಕಿತು. ಎರಡು ದಿನ ತೋಳೆತ್ತಲಾಗಲಿಲ್ಲ. ಮೂರನೆಯ ದಿನ ಕತ್ತು ತಿರುಗಿಸಿ ಹಿಂದೆ ನೋಡಿದೆ, ಕಣ್ಣಲ್ಲಿ ನೀರು ಬಂತು. ಹನ್ನೊಂದು ವಾರ ಆರಾಮ. ಆಮೇಲೆ ದೀಪಾವಳಿಯ ಹೊಲಿಗೆ ಬಂತು, ಗಂಟೂ ಬಂತು.

ಶಿಕ್ಷಕಿ, ಮೈಸೂರು: ಹನ್ನೊಂದು ವಾರಕ್ಕೆ ಅಷ್ಟು ಹಣವೇ? ನಾನು ಫಿಸಿಯೋಥೆರಪಿಯಲ್ಲಿ ಡ್ರೈ ನೀಡ್ಲಿಂಗ್ (ಗಂಟಿಗೆ ಬರಿಯ ಒಣ ಸೂಜಿ ಚುಚ್ಚುವುದು) ಮಾಡಿಸಿಕೊಂಡೆ. ಆರು ಸಲ, ತಲಾ 500. ಔಷಧವೇ ಇಲ್ಲ. ಗುಣ ಕೊಡುವುದು ಸೂಜಿಯ ಚುಚ್ಚು ಎಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲೇ ಬರೆದಿದ್ದಾರೆ. ಜೊತೆಗೆ ದಿನವೂ ಕುತ್ತಿಗೆಯನ್ನು ಎಳೆದು ಹಿಡಿಯುವ ವ್ಯಾಯಾಮ ಮಾಡಿದೆ. ಅದನ್ನು ಮಾಡದವರು ಸೂಜಿಯನ್ನು ದೂರಬಾರದು.

ಟೈಲರ್, ದಾವಣಗೆರೆ: ನಾನು ದೂರಲಿಲ್ಲ ಮೇಡಂ. ಸಿರಿಂಜಿನಲ್ಲಿ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧ ಇದ್ದರೆ ಚುಚ್ಚಿದ ಮೇಲಿನ ನೋವು ಕಡಿಮೆ. ಒಣ ಸೂಜಿಯನ್ನೂ ಕಂಡಿದ್ದೇನೆ. ನಾಲ್ಕು ದಿನ ಕತ್ತರಿ ಹಿಡಿಯಲಾಗಲಿಲ್ಲ.

ಹುಬ್ಬಳ್ಳಿಯಿಂದ: ಇಬ್ಬರೂ ಸೂಜಿಯನ್ನು ಹೊಗಳುತ್ತಿದ್ದೀರಿ. ನನ್ನ ತಮ್ಮನಿಗೆ ಅದು ಆಳಕ್ಕಿಳಿದು ಶ್ವಾಸಕೋಶದ ಸುತ್ತ ಗಾಳಿ ತುಂಬಿತು. ಸಂಜೆ ಎದೆ ಚುಚ್ಚಿತು, ರಾತ್ರಿ ಉಸಿರು ಸಾಲಲಿಲ್ಲ. ನಾಲ್ಕು ದಿನ ಎದೆಗೆ ಕೊಳವೆ. 41,300 ರೂಪಾಯಿ, ರಸೀದಿ ಈಗಲೂ ಇದೆ.

ಶಿಕ್ಷಕಿ, ಮೈಸೂರು: ಅಪರೂಪಕ್ಕೆ ಆಗುವುದನ್ನು ಹೇಳಿ ಹೆದರಿಸಬೇಡಿ.

ಹುಬ್ಬಳ್ಳಿಯಿಂದ: ಅಪರೂಪವೋ ಅಲ್ಲವೋ, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ನಾನು.

ನಿವೃತ್ತ ಗುಮಾಸ್ತ, ಶಿವಮೊಗ್ಗ: ನನಗೆ ಸ್ಟೆರಾಯ್ಡ್ ಬೆರೆಸಿದ್ದರು, ಕೇಳಲೂ ಇಲ್ಲ, ಹೇಳಲೂ ಇಲ್ಲ. 150ರಲ್ಲಿದ್ದ ಸಕ್ಕರೆ ಮರುದಿನ 340. ಒಂದು ವಾರ ಮಾತ್ರೆ ಹೆಚ್ಚಿಸಿಕೊಂಡು, ಬೆರಳು ಚುಚ್ಚಿಕೊಳ್ಳುವ ಪಟ್ಟಿಗಳಿಗೇ 900 ಕೊಟ್ಟೆ. ಸಿರಿಂಜಿನಲ್ಲಿ ಏನಿದೆ ಎಂದು ಮೊದಲೇ ಕೇಳಿ.

ಶಿಕ್ಷಕಿ, ಮೈಸೂರು: ಇದಕ್ಕೇ ಔಷಧ ಬೇಡವೆಂದದ್ದು. ಟೈಲರ್ ಅವರೂ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿದರೆ ಗಂಟು ಮರಳುತ್ತಿರಲಿಲ್ಲ.

ಟೈಲರ್, ದಾವಣಗೆರೆ: ನಿಮಗೆ ಸಂಬಳದ ರಜೆ ಇದೆ ಮೇಡಂ. ನನಗೆ ರವಿಕೆಗೆ 250 ರೂಪಾಯಿ, ಅದೂ ಹಬ್ಬದ ಹಿಂದಿನ ರಾತ್ರಿಯೊಳಗೆ ಮುಗಿಯಬೇಕು. ಎದ್ದು ಓಡಾಡಿದರೆ ಗುಂಡಿ ಹಾಕುವವರು ಯಾರು?