ಹಾಡಿನ ಆಪ್: ಕ್ಯಾಶ್ ಇದ್ದರೂ ಎರಡನೇ ಸಲ ಡೇಟಾ ಯಾಕೆ ಹೋಗುತ್ತೆ?

ತಂಬೂರಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಆಂಡ್ರಾಯ್ಡ್ ಆಪ್, ಹಾಡು ನುಡಿಸೋಕೆ ಮೀಡಿಯಾ3 ಎಕ್ಸೋಪ್ಲೇಯರ್ ಲೈಬ್ರರಿ. ಹಳೇ ಪ್ಲೇಯರ್ ಕೋಡನ್ನ ಹೊಸದಾಗಿ ಬರೀತಿದೀವಿ, ವರ್ಷಗಳಿಂದ ಉಳಿದ ಮೂರು ತೊಂದರೆ ಈಗಲಾದರೂ ಹೋಗಬೇಕು. ಕ್ಯಾಶ್‌ನಲ್ಲಿರೋ (ಒಮ್ಮೆ ಕೇಳಿದ್ದನ್ನ ಫೋನಲ್ಲೇ ಉಳಿಸಿಡೋ ಜಾಗ) ಹಾಡು ಮತ್ತೆ ಡೌನ್‌ಲೋಡ್ ಆಗುತ್ತೆ. ಸ್ಕ್ರೀನ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಹಾಡು ನಿಲ್ಲುತ್ತೆ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಕೆಲವು ಹಾಡು ಸಿಗಲ್ಲ.

ಮಲೆನಾಡ_ಕೋಡು:
ಮೊದಲನೇದು ಬಹುಪಾಲು ಸಹಿ ಮಾಡಿದ ಯುಆರ್‌ಎಲ್‌ನಿಂದ, ಅಂದರೆ ಕೊನೆಗೆ ಅನುಮತಿಯ ಟೋಕನ್ ಅಂಟಿಸಿದ ವಿಳಾಸ. ಕ್ಯಾಶ್ ಪೂರ್ತಿ ಯುಆರ್‌ಎಲ್ಲನ್ನೇ ಕೀ (ಹಾಡನ್ನ ಗುರುತಿಸೋ ಹೆಸರು) ಅಂತ ಹಿಡಿಯುತ್ತೆ. ಸರ್ವರ್ ಪ್ರತಿ ಸಲ ಹೊಸ ಟೋಕನ್ ಕೊಟ್ಟರೆ ಅದರ ಪಾಲಿಗೆ ಅದು ಹೊಸ ಹಾಡು. ಮೀಡಿಯಾಐಟಂ (ಪ್ಲೇಯರ್‌ಗೆ ಕೊಡೋ ಹಾಡಿನ ವಿವರ) ಕಟ್ಟುವಾಗ ಸೆಟ್‌ಕಸ್ಟಮ್‌ಕ್ಯಾಶ್‌ಕೀ ಕೊಡಿ: ಹಾಡಿನ ಐಡಿ ಜೊತೆಗೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಗುಣಮಟ್ಟ). ಬಿಟ್‌ರೇಟ್ ಬಿಟ್ಟರೆ 64 ಮತ್ತು 320 ಕೆಬಿಪಿಎಸ್‌ನ ತುಣುಕುಗಳು ಒಂದೇ ಕೀ ಕೆಳಗೆ ಬೆರೆತು ಹಾಡಿನ ನಡುವೆ ಡೇಟಾವನ್ನ ಧ್ವನಿಯಾಗಿಸೋ ಡಿಕೋಡರ್ ಎಡವುತ್ತೆ. ಇದನ್ನ ಪತ್ತೆ ಹಚ್ಚೋದು ಬಹಳ ಕಷ್ಟ.

128 ಕೆಬಿಪಿಎಸ್‌ನ ನಾಲ್ಕು ನಿಮಿಷದ ಹಾಡು ಸುಮಾರು 3.8 ಎಂಬಿ. 200 ಎಂಬಿ ಕ್ಯಾಶ್‌ಗೆ ಐವತ್ತು ಹಾಡು ಹಿಡಿಯುತ್ತೆ, ಸಾಕು. ಬಳಕೆದಾರರು ಬೇಕಂತಲೇ ಇಳಿಸಿಕೊಂಡ ಹಾಡುಗಳನ್ನ ಮಾತ್ರ ಅದರಲ್ಲಿ ಇಡಬೇಡಿ, ಜಾಗ ತುಂಬಿದಾಗ ಹಳೇದು ಅಳಿಸಿ ಹೋಗುತ್ತೆ. ಅವಕ್ಕೆ ಬೇರೆ ಫೋಲ್ಡರ್, ಬೇರೆ ಸಿಂಪಲ್‌ಕ್ಯಾಶ್ (ಲೈಬ್ರರಿಯ ಕ್ಯಾಶ್ ಕ್ಲಾಸ್), ಏನನ್ನೂ ಅಳಿಸದ ನೋಆಪ್ ಎವಿಕ್ಟರ್. ಒಂದೇ ಫೋಲ್ಡರ್‌ಗೆ ಎರಡು ಸಿಂಪಲ್‌ಕ್ಯಾಶ್ ತೆರೆದರೆ ಆಪ್ ಕ್ರ್ಯಾಶ್.

ಇರುಳಗಾನ:
ಹಾಡು ನಿಂತಾಗ ನೋಟಿಫಿಕೇಶನ್ ಇದೆಯಾ ನೋಡಿ. ಅದೂ ಮಾಯವಾಗಿದ್ದರೆ ಸರ್ವಿಸ್ಸನ್ನೇ ಸಿಸ್ಟಮ್ ಮುಗಿಸಿದೆ: ಪ್ಲೇಯರ್ ಹಿನ್ನೆಲೆಯಲ್ಲಿ ಹಾಡು ನಡೆಸೋ ಮೀಡಿಯಾಸೆಷನ್‌ಸರ್ವಿಸ್ ಒಳಗಿರಬೇಕು, ಆಪ್‌ನ ವಿವರದ ಫೈಲ್ ಆದ ಮ್ಯಾನಿಫೆಸ್ಟ್‌ನಲ್ಲಿ ಫೋರ್‌ಗ್ರೌಂಡ್ ಸರ್ವಿಸ್ ಟೈಪ್ ಮೀಡಿಯಾಪ್ಲೇಬ್ಯಾಕ್ ಅಂತಿರಬೇಕು. ಆಂಡ್ರಾಯ್ಡ್ 14ರಿಂದ ಅದಕ್ಕೇ ಬೇರೆ ಪರ್ಮಿಷನ್ ಕೂಡ ಬೇಕು.

ನೋಟಿಫಿಕೇಶನ್ ಇದ್ದು, ಹೆಚ್ಚುಕಮ್ಮಿ 50 ಸೆಕೆಂಡ್ ಹಾಡಿ ನಿಂತರೆ ಬಫರ್ (ಮುಂಚಿತವಾಗಿ ತಂದಿಟ್ಟ ಭಾಗ) ಖಾಲಿಯಾಗಿದೆ ಅಂತ. ಡೀಫಾಲ್ಟ್ ಬಫರ್ ಅಷ್ಟೇ. ಸಿಪಿಯು, ವೈಫೈ ಮಲಗಿರುತ್ತವೆ. ಸೆಟ್‌ವೇಕ್‌ಮೋಡ್‌ಗೆ ವೇಕ್ ಮೋಡ್ ನೆಟ್‌ವರ್ಕ್ ಕೊಡಿ, ವೇಕ್‌ಲಾಕ್ ಪರ್ಮಿಷನ್ ಸೇರಿಸಿ.

ಒತ್ತಕ್ಷರ:
ಹುಡುಕಾಟ: ‘ಕೊಳಲು’ ಪದದ ‘ಕೊ’ ಯೂನಿಕೋಡ್‌ನಲ್ಲಿ ಎರಡು ಥರ ಬರಬಹುದು. ಒಂದೇ ‘ೊ’ ಚಿಹ್ನೆ, ಇಲ್ಲವೇ ‘ೆ’ ಮತ್ತು ‘ೂ’ ಬೇರೆ ಬೇರೆ. ಕಣ್ಣಿಗೆ ಒಂದೇ, ಡೇಟಾಬೇಸ್‌ಗೆ ಎರಡು. ಇಂಡೆಕ್ಸ್ ಮತ್ತು ಹುಡುಕುವ ಪದ ಎರಡನ್ನೂ ಯೂನಿಕೋಡ್‌ನ ಎನ್‌ಎಫ್‌ಸಿಗೆ (ಚಿಹ್ನೆಗಳನ್ನ ಕೂಡಿಸಿ ಬರೆಯೋ ಒಂದೇ ರೂಪ) ತನ್ನಿ, ಕಾಣದ ಜೋಡಕ ಅಕ್ಷರಗಳಾದ ಝಡ್‌ಡಬ್ಲ್ಯೂಜೆ, ಝಡ್‌ಡಬ್ಲ್ಯೂಎನ್‌ಜೆ ತೆಗೆದುಹಾಕಿ. ತೋರಿಸುವ ಹೆಸರನ್ನ ಮುಟ್ಟಬೇಡಿ.

ತಂಬೂರಿ:
ಕ್ಯಾಶ್ ಕೀ ಎಂಪಿ3ಗೆ ಸರಿಹೋಯ್ತು. ಹಾಡನ್ನ ಸಣ್ಣ ಸೆಗ್ಮೆಂಟ್‌ಗಳಾಗಿ ಕಳಿಸೋ ಎಚ್‌ಎಲ್‌ಎಸ್‌ನಲ್ಲಿ ಇನ್ನೂ ಹಾಗೇ ಇದೆ.

ಮಲೆನಾಡ_ಕೋಡು:
ಅಲ್ಲಿ ಪ್ರತಿ ಸೆಗ್ಮೆಂಟ್‌ಗೂ ತನ್ನದೇ ಯುಆರ್‌ಎಲ್, ಕಸ್ಟಮ್ ಕೀ ಲೆಕ್ಕಕ್ಕಿಲ್ಲ. ಕ್ಯಾಶ್‌ನಿಂದ ಓದೋ ಕ್ಯಾಶ್‌ಡೇಟಾಸೋರ್ಸ್‌ಗೆ, ಕೀ ತಯಾರಿಸೋ ಕ್ಯಾಶ್‌ಕೀಫ್ಯಾಕ್ಟರಿ ಬರೆದು, ಪ್ರಶ್ನಾರ್ಥಕ ಚಿಹ್ನೆಯ ನಂತರದ ಟೋಕನ್ ಕತ್ತರಿಸಿ ಉಳಿದ ದಾರಿಯನ್ನ ಕೀ ಮಾಡಿ.