ಎಳೆಯುವ ಶಕ್ತಿ ಸಾಕಷ್ಟಿದೆ, ಆದರೂ ಟ್ರೇಲರ್ ಕಟ್ಟಿದರೆ ಎಸ್‌ಯುವಿ ಹಿಂದೆ ಕೂರುತ್ತಿದೆ

ಪ್ರಶ್ನೆ: ನಮ್ಮ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ, ಒಳಗೇ ಉಳಿದುಕೊಳ್ಳಬಹುದಾದ ಮನೆಯಂಥದ್ದು) ನೀರು, ಸಾಮಾನು ತುಂಬಿದರೆ 3,000 ಕೆಜಿ. ಮನೆಯಲ್ಲಿ ನಾಲ್ಕು ಜನ. ಎಳೆಯುವ ಮಿತಿ 3,700 ಕೆಜಿ ಇರುವ ದೊಡ್ಡ ಎಸ್‌ಯುವಿ ಒಂದಕ್ಕೆ ಕಟ್ಟಿ ಓಡಿಸಿ ನೋಡಿದೆವು. ಎಂಜಿನ್ ಆರಾಮಾಗಿ ಎಳೆಯಿತು. ಆದರೆ ಹಿಂಭಾಗ ಕೂತುಬಿಟ್ಟಿತು, ಸ್ಟೀರಿಂಗ್ ಹಗುರಾಯಿತು, ಲಾರಿ ಪಕ್ಕದಲ್ಲಿ ಹೋದಾಗ ಟ್ರೇಲರ್ ಓಲಾಡಿತು. ಏರ್ ಸಸ್ಪೆನ್ಷನ್ ಇರುವ ಟಾಪ್ ಮಾಡೆಲ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಏರ್ ಸಸ್ಪೆನ್ಷನ್ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ ಅಷ್ಟೇ. ಮುಂದಿನ ಚಕ್ರಗಳಿಂದ ಹಿಂದಕ್ಕೆ ಸರಿದ ಭಾರ ವಾಪಸ್ ಬರುವುದಿಲ್ಲ. ಅದಕ್ಕೆ ಭಾರ ಹಂಚುವ ಹಿಚ್ ಬೇಕು (ಹಿಚ್ ಅಂದರೆ ಗಾಡಿಗೂ ಟ್ರೇಲರ್‌ಗೂ ನಡುವಿನ ಕೊಂಡಿ; ಈ ಬಗೆಯದು ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುತ್ತದೆ). ನೀವು ಓಡಿಸಿದಾಗ ಅದು ಇತ್ತಾ? ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವ ಪೇಲೋಡ್, ಅಂದರೆ ಜನ, ಸಾಮಾನು, ಹಿಚ್ ಮೇಲಿನ ಭಾರ ಎಲ್ಲ ಸೇರಿ ಗಾಡಿ ಹೊರಬಹುದಾದ ತೂಕ, ಎಷ್ಟು ಹೇಳಿ.

ಪ್ರಶ್ನೆ ಕೇಳಿದವರು: ಆ ಹಿಚ್ ಇರಲಿಲ್ಲ, ಟ್ರೇಲರ್ ಸಿಕ್ಕಿಸುವ ಸಾದಾ ಲೋಹದ ಗುಂಡು (ಬಾಲ್) ಇತ್ತು. ಸ್ಟಿಕ್ಕರ್‌ನಲ್ಲಿ 720 ಕೆಜಿ. ಟಾಪ್ ಮಾಡೆಲ್‌ನಲ್ಲಿ 640.

ಉತ್ತರ: ಸಿಕ್ಕಿತು ನೋಡಿ. ಟ್ರೇಲರ್ ತೂಕದಲ್ಲಿ 10ರಿಂದ 15 ಶೇಕಡಾ ಹಿಚ್ ಮೇಲೆ ಕೂರುತ್ತದೆ. 13 ಅಂತ ಇಟ್ಟುಕೊಂಡರೆ 390 ಕೆಜಿ. ನಾಲ್ಕು ಜನ 270, ಡಿಕ್ಕಿಯ ಸಾಮಾನು 90, ಹಿಚ್ 40. ಒಟ್ಟು 790. ಅಂದರೆ 70 ಕೆಜಿ ಜಾಸ್ತಿ. ಟಾಪ್ ಮಾಡೆಲ್‌ನಲ್ಲಿ 150 ಜಾಸ್ತಿ! ಸನ್‌ರೂಫ್, ಮೋಟರ್ ಸೀಟು, ದೊಡ್ಡ ಚಕ್ರ ಎಲ್ಲವೂ ಪೇಲೋಡನ್ನೇ ತಿನ್ನುತ್ತವೆ. ಹಾಗಾಗಿ ಜಾಹೀರಾತಿನ ಅಂಕಿ ಬಿಡಿ, ನೀವು ಕೊಳ್ಳುವ ಅದೇ ಗಾಡಿಯ ಸ್ಟಿಕ್ಕರ್ ನೋಡಿ. ನನ್ನ ಕೇಳಿದರೆ ಕೆಳಗಿನ ಮಾಡೆಲ್, ಜೊತೆಗೆ ಕಂಪನಿಯದೇ ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲು ಬೇಕಾದ ಸಲಕರಣೆಗಳ ಸೆಟ್), 800ರ ಮೇಲೆ ಪೇಲೋಡ್.

ಇನ್ನೊಬ್ಬರು: ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಕೂಡ ನೋಡಿ. ಶೆವ್ರೊಲೆ ಎಸ್‌ಯುವಿಗಳಲ್ಲಿ ತಾಹೋಗಿಂತ ಸಬರ್ಬನ್, ಫೋರ್ಡ್‌ನಲ್ಲಿ ಎಕ್ಸ್‌ಪೆಡಿಷನ್‌ಗಿಂತ ಎಕ್ಸ್‌ಪೆಡಿಷನ್ ಮ್ಯಾಕ್ಸ್ ಉದ್ದ. ಉದ್ದದ ಗಾಡಿಯನ್ನು ಟ್ರೇಲರ್ ಅಷ್ಟು ಸುಲಭವಾಗಿ ಅಲ್ಲಾಡಿಸುವುದಿಲ್ಲ. ಆದರೆ ಅದರ ಸ್ವಂತ ತೂಕವೂ ಜಾಸ್ತಿ, ಪೇಲೋಡ್ ಕಡಿಮೆ ಇರಬಹುದು.

ಪ್ರಶ್ನೆ ಕೇಳಿದವರು: 720ರದ್ದೇ ನಮ್ಮ ಕೈಗೆಟುಕುವುದು. ದಾರಿ ಇಲ್ವಾ?

ಉತ್ತರ: ಇದೆ, ಆದರೆ ಬಿಗಿ. ಡಿಕ್ಕಿಯ 90 ಕೆಜಿಯನ್ನು ಟ್ರೇಲರ್‌ನ ಆಕ್ಸಲ್ ಮೇಲೆ ಇಡಿ, ಅಷ್ಟೇ ಲೀಟರ್ ನೀರು ಕಡಿಮೆ ತುಂಬಿ. ಆಗ ಗಾಡಿ ಮೇಲೆ 700. ಸಾಮಾನನ್ನು ಟ್ರೇಲರ್‌ನ ಹಿಂಭಾಗಕ್ಕೆ ಮಾತ್ರ ತಳ್ಳಬೇಡಿ. ಹಿಚ್ ಮೇಲಿನ ಭಾರ 10 ಶೇಕಡಾಕ್ಕಿಂತ ಇಳಿದರೆ ಓಲಾಟ ಇನ್ನೂ ಹೆಚ್ಚುತ್ತದೆ, ಅದು ನಿಜಕ್ಕೂ ಅಪಾಯ.

ಬ್ರೇಕ್ ಕಂಟ್ರೋಲರ್ (ಡ್ರೈವರ್ ಸೀಟಿನಿಂದಲೇ ಟ್ರೇಲರ್‌ನ ಬ್ರೇಕ್ ಹಾಕುವ ಸಾಧನ) ಹಾಕಿಸಲೇಬೇಕು. ಓಲಾಟ ಶುರುವಾದರೆ ಗಾಡಿಯ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಹಾಕಿ.

ದುಡ್ಡು ಕೊಡುವ ಮುಂಚೆ ಒಮ್ಮೆ ಮನೆಯವರೆಲ್ಲ ಕೂತು ವೇಬ್ರಿಡ್ಜ್‌ಗೆ ಹೋಗಿ. ಮೊದಲು ಎಸ್‌ಯುವಿ ಮಾತ್ರ, ಆಮೇಲೆ ಟ್ರೇಲರ್ ಕಟ್ಟಿ, ಮುಂದಿನ ಆಕ್ಸಲ್ ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಆ ಚೀಟಿ ಇಲ್ಲಿ ಹಾಕಿ, ಹಿಚ್ ಹೊಂದಿಸುವುದು ನಾನು ಹೇಳ್ತೇನೆ.